‘ವಂಶವೃಕ್ಷ’ದ ವಿಧುರ

ಗಂಡನನ್ನು ಕಳೆದುಕೊಂಡ ಹೆಣ್ಣಿಗೆ ಕನ್ನಡದಲ್ಲಿರುವ ಹೆಸರುಗಳು ಹಲವು. ವಿಧವೆ, ಗತಭರ್ತೃಕೆ ಮೊದಲಾದ ಗ್ರಾಂಥಿಕ ಶಬ್ದಗಳಿಂದ ಹಿಡಿದು ಬೀದಿಯ ಬಯ್ಗುಳದವರೆಗೆ ಅವು ಹಬ್ಬಿಕೊಂಡಿವೆ. ಹೆಂಡತಿಯನ್ನು ಕಳೆದುಕೊಂಡ ಗಂಡಿಗಾದರೋ ವಿಧುರನೆಂಬ ಒಂದು ಸಂಸ್ಕೃತ ಶಬ್ದವುಂಟು. ಅದೂ ಪುಸ್ತಕದ ಹೊರಗೆ ಹೆಚ್ಚಾಗಿ ಕೇಳಿಬರುವುದಲ್ಲ. ಸಂಸ್ಕೃತದಲ್ಲಿ ಕೂಡ ಆ ಶಬ್ದಕ್ಕೆ ಯಾವುದಾದರೊಂದರಿಂದ ಅಗಲಿ ನೊಂದವನು ಎಂಬುದು ಸಾಮಾನ್ಯಾರ್ಥ. ಆಡುಮಾತಿನಲ್ಲಿ ‘ಹೆಂಡತಿ ಹೋದವನು’ ಎಂದು ಸುತ್ತಿ ಹೇಳಬೇಕಾಗುವುದು. ಭಾಷೆಯ ಈ ಬಡತನ ಆಕಸ್ಮಿಕವಲ್ಲ. ಹೆಂಡತಿಯ ಸಾವಿನಿಂದ ಗಂಡಸಿನ ಉಡುಗೆ ಬದಲಾಗಲಿಲ್ಲ, ಊಟ ಬದಲಾಗಲಿಲ್ಲ, ಶುಭಕಾರ್ಯಗಳಲ್ಲಿ ಅವನು ನಿಲ್ಲುವ ಜಾಗವೂ ಬಹುಮಟ್ಟಿಗೆ ಬದಲಾಗಲಿಲ್ಲ. ಬದಲಾಗದುದಕ್ಕೆ ಹೆಸರಿನ ಅವಶ್ಯಕತೆ ಬೀಳಲಿಲ್ಲ.

ಕನ್ನಡ ಕಾದಂಬರಿಯೂ ಭಾಷೆಯ ಈ ದಾರಿಯಲ್ಲಿಯೇ ನಡೆಯಿತು. ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ (1899) ಎಳೆಯ ವಿಧವೆಯ ಕಥೆ. ಅದು ಹೊರಬಂದ ಹದಿನಾಲ್ಕು ವರ್ಷಗಳ ಮೇಲೆ, 1913ರಲ್ಲಿ, ನಂಜನಗೂಡಿನ ತಿರುಮಲಾಂಬನವರು ‘ಸುಶೀಲೆ’ಯನ್ನು ಪ್ರಕಟಿಸಿದರು. 1887ರಲ್ಲಿ ಹುಟ್ಟಿ, ಹದಿನಾಲ್ಕನೆಯ ವಯಸ್ಸಿನಲ್ಲಿ ಗಂಡನನ್ನು ಕಳೆದುಕೊಂಡ ಈಕೆ ‘ಸತೀಹಿತೈಷಿಣೀ’ ಗ್ರಂಥಮಾಲೆಯನ್ನು ತಾವೇ ನಡೆಸಿದರು, 1917ರಲ್ಲಿ ‘ಕರ್ನಾಟಕ ನಂದಿನಿ’ಯೆಂಬ ಪತ್ರಿಕೆಯನ್ನು ತೆಗೆದರು, ತಮ್ಮ ಮನೆಯಲ್ಲಿಯೇ ಹೆಂಗಸರಿಗೆ ಪಾಠ ಹೇಳಿದರು. ಕಪಿಲೆಯ ದಂಡೆಯ ಆ ಊರಿನಲ್ಲಿ ಹೆಂಗಸರು ಕೂಡಿ ಓದುವುದಕ್ಕೆ ಒಬ್ಬ ವಿಧವೆಯ ಮನೆಯೇ ಎಡೆಯಾಗಿತ್ತೆಂಬುದನ್ನು ಮರೆಯಲಾಗದು. ವಿಧವೆಯ ವಿಷಯವಾಗಿ ಬರೆದವರೂ, ಸ್ವತಃ ವಿಧವೆಯಾಗಿದ್ದು ಬರೆದವರೂ ಹೀಗೆ ಕನ್ನಡದಲ್ಲಿ ಉಂಟು. ವಿಧುರನನ್ನು ವಿಧುರನೆಂದೇ ತೆಗೆದುಕೊಂಡು ಅವನ ಒಂಟಿತನ ಎಂತಹುದು, ಅದು ಮನೆಯವರ ಮೇಲೆ ಏನು ಮಾಡುವುದು ಎಂದು ವಿಚಾರಿಸಿದ ಕೃತಿಗಳು ವಿರಳ.

ಎಸ್. ಎಲ್. ಭೈರಪ್ಪನವರ (1931–2025) ‘ವಂಶವೃಕ್ಷ’ (1965) ಇಂತಹ ವಿರಳ ಕೃತಿಗಳಲ್ಲೊಂದೆಂದು ಹೇಳಿದರೆ ಹಲವರಿಗೆ ಆಶ್ಚರ್ಯವಾಗಬಹುದು. ಅದನ್ನು ವಿಧವಾವಿವಾಹದ ಕಾದಂಬರಿಯೆಂದು ಎಣಿಸುವುದು ವಾಡಿಕೆ. 1966ರಲ್ಲಿ ಅದಕ್ಕೆ ಅಕಾಡೆಮಿಯ ಪುರಸ್ಕಾರ ಬಂದಾಗಲೂ, 1972ರಲ್ಲಿ ಬಿ. ವಿ. ಕಾರಂತ, ಗಿರೀಶ ಕಾರ್ನಾಡರ ನಿರ್ದೇಶನದಲ್ಲಿ ಅದು ಚಲಚ್ಚಿತ್ರವಾದಾಗಲೂ ಚರ್ಚೆ ನಡೆದುದು ಬಹುಮಟ್ಟಿಗೆ ಕಾತ್ಯಾಯನಿಯ ಸುತ್ತಲೇ. ಕಥೆ ಎಲ್ಲರಿಗೂ ತಿಳಿದುದು. ನಂಜನಗೂಡಿನ ಶ್ರೀನಿವಾಸ ಶ್ರೋತ್ರಿಯರ ಒಬ್ಬನೇ ಮಗ ನಂಜುಂಡ ಕಪಿಲೆಯ ಪಾಲಾಗುವನು. ಸೊಸೆ ಕಾತ್ಯಾಯನಿ, ಕೂಸಾದ ಚೀನಿ ಉಳಿಯುವರು. ಗಂಡ ಅರ್ಧಕ್ಕೆ ಬಿಟ್ಟ ಓದನ್ನು ತಾನು ಮುಗಿಸುವೆನೆಂದು ಸೊಸೆ ಕೇಳಿದಾಗ ಮಾವನೇ ಒಪ್ಪಿಗೆ ಕೊಡುವರು. ಅವಳು ದಿನವೂ ರೈಲಿನಲ್ಲಿ ಮೈಸೂರಿನ ಕಾಲೇಜಿಗೆ ಹೋಗಿಬರುವಳು. ಅಲ್ಲಿ ಅಧ್ಯಾಪಕನಾದ ರಾಜನಲ್ಲಿ ಮನಸ್ಸು ನಿಂತು ಅವನನ್ನು ಮದುವೆಯಾಗುವಳು. ಮಗು ತಾತನ ಮನೆಯಲ್ಲಿ ಉಳಿಯುವುದು. ಅನಂತರ ಶ್ರೋತ್ರಿಯರ ಹೆಂಡತಿ ಭಾಗೀರಥಮ್ಮನೂ ತೀರಿಕೊಳ್ಳುವಳು. ಈ ಕೊನೆಯ ಸಂಗತಿಯನ್ನು ವಾಚಕರು ಒಂದು ಸಾವೆಂದು ಎಣಿಸಿ ಮುಂದಕ್ಕೆ ಹೋಗುವರು. ಕಾದಂಬರಿಯ ನಡುನಾಯಕ ಅಲ್ಲಿಂದ ಮುಂದೆ ವಿಧುರನಾಗಿ ಬಾಳಿದನೆಂಬುದು ಅವರ ಗಮನಕ್ಕೆ ಬರುವುದು ಕಡಮೆ.

ಗಮನ ಹೀಗೆ ತಪ್ಪುವುದಕ್ಕೆ ಕೂಡಿ ಓದುವ ಪದ್ಧತಿಯೂ ಸ್ವಲ್ಪಮಟ್ಟಿಗೆ ಕಾರಣ. ನಂಜನಗೂಡು, ಟಿ. ನರಸೀಪುರ ಸೀಮೆಗೆ ಕೂಟದ ಓದು ಹೊಸತಲ್ಲ. ಹಳೆಯ ಮೈಸೂರಿನ ಊರುಗಳಲ್ಲಿ ಕುಮಾರವ್ಯಾಸನ ಭಾರತವನ್ನೂ ಲಕ್ಷ್ಮೀಶನ ಜೈಮಿನಿಯನ್ನೂ ಒಬ್ಬರು ರಾಗವಾಗಿ ಓದುವುದು, ಇನ್ನೊಬ್ಬರು ಅರ್ಥ ಹೇಳುವುದು, ಊರು ಕುಳಿತು ಕೇಳುವುದು ತಲೆಮಾರುಗಳಿಂದ ಬಂದ ನಡವಳಿಕೆ. ಅಲ್ಲಿ ಶ್ರೋತೃಗಳು ಪಕ್ಷ ಹಿಡಿಯುವರು: ಕರ್ಣನ ಪಕ್ಷದವರು, ಅರ್ಜುನನ ಪಕ್ಷದವರು. ವ್ಯಾಖ್ಯಾನಕಾರನು ಕಡೆಗೊಂದು ತೀರ್ಮಾನ ಹೇಳುವನು. ಅಧ್ಯಾಪಕರೂ ನಿವೃತ್ತರೂ ಗೃಹಿಣಿಯರೂ ಸೇರಿ ಕಾದಂಬರಿಯನ್ನು ಓದುವ ಇಂದಿನ ಕೂಟಗಳಿಗೆ ವ್ಯಾಖ್ಯಾನಕಾರನಿಲ್ಲ. ಪಕ್ಷ ಹಿಡಿಯುವ ಅಭ್ಯಾಸ ಮಾತ್ರ ಉಳಿದುಕೊಂಡಿದೆ. ‘ವಂಶವೃಕ್ಷ’ವನ್ನು ಮುಂದಿಟ್ಟುಕೊಂಡರೆ ಅರ್ಧ ಗಳಿಗೆಯಲ್ಲಿ ಸಭೆ ಎರಡಾಗುವುದು. ಶ್ರೋತ್ರಿಯರು ಧರ್ಮಮೂರ್ತಿಗಳೆಂದು ಒಂದು ಪಕ್ಷ. ಕಾತ್ಯಾಯನಿಗೆ ಅನ್ಯಾಯವಾಯಿತೆಂದು ಇನ್ನೊಂದು ಪಕ್ಷ. ಎರಡು ಪಕ್ಷದವರೂ ಒಂದು ಮಾತನ್ನು ಮಾತ್ರ ಒಪ್ಪಿಕೊಂಡಿರುವರು: ಶ್ರೋತ್ರಿಯರು ಕೋಪಿಷ್ಠರಲ್ಲ, ಯಾರನ್ನೂ ಗದರಿಸಿದವರಲ್ಲ, ಆದುದರಿಂದ ಅವರಿಂದ ಯಾರಿಗೂ ಕೇಡಾಗಲಿಲ್ಲ. ವಾದಕ್ಕೆ ತೊಡಗುವ ಮೊದಲೇ ಇಬ್ಬರೂ ಒಪ್ಪಿಬಿಡುವ ಈ ಮಾತೇ ಪರೀಕ್ಷಿಸತಕ್ಕುದು.

ಹೋಲಿಕೆಗಾಗಿ ದೂರದ ಒಂದು ಕೃತಿಯನ್ನು ತೆಗೆದುಕೊಳ್ಳಬಹುದು. ಸ್ವೀಡನ್ ದೇಶದ ಫ್ರೆಡ್ರಿಕ್ ಬಾಕ್‌ಮನ್ ಎಂಬವರು 2012ರಲ್ಲಿ ಪ್ರಕಟಿಸಿದ ಒಂದು ಕಾದಂಬರಿಯ ನಾಯಕ ಊವೆ ಎಂಬ ವಿಧುರ. ಹೆಂಡತಿ ಸೋನ್ಯಾ ಸತ್ತ ಮೇಲೆ ಅವನಿಗೆ ಲೋಕದ ಯಾವುದೂ ಸರಿಯಿಲ್ಲ. ಬೆಳಗಾದರೆ ಬೀದಿ ಸುತ್ತಿ, ಗಾಡಿ ನಿಲ್ಲಿಸಬಾರದಲ್ಲಿ ನಿಲ್ಲಿಸಿದವರನ್ನು ಹುಡುಕಿ ಸಿಡುಕುವನು. ಮನೆಗೆ ಬಂದು ಪ್ರಾಣ ಬಿಡುವ ಉಪಾಯ ಮಾಡುವನು. ಪಕ್ಕಕ್ಕೆ ಸಂಸಾರ ಹೂಡಿದ ಇರಾನ್ ಮೂಲದ ಪರ್ವಾನೆ ಎಂಬ ಬಸುರಿ ಹೆಂಗಸು ಅವನ ಸಿಡುಕಿಗೆ ಹೆದರುವುದಿಲ್ಲ. ತಿರುಗಿ ಮಾತನಾಡುವಳು, ಕೆಲಸ ಹೇಳುವಳು, ಜಗಳವಾಡುವಳು. ಆ ಜಗಳದಿಂದಲೇ ಅವನ ಮನೆಯ ಬಾಗಿಲು ತೆರೆಯುವುದು. ಲೋಕದ ನಾನಾ ಕಡೆಯ ಓದುಗರ ಕೂಟಗಳಿಗೆ ಈ ಪುಸ್ತಕ ಪ್ರಿಯವಾದುದು ಸಹಜ. ಹೊರಗೆ ಮುಳ್ಳು, ಒಳಗೆ ತೊಳೆಯಿರುವ ಹಲಸಿನ ಹಣ್ಣಿನಂತಹ ಮುದುಕನನ್ನು ಯಾರು ತಾನೆ ಬೇಡವೆಂದಾರು? ಕಲೆಯ ದೃಷ್ಟಿಯಿಂದ ಆ ಪುಸ್ತಕವನ್ನು ‘ವಂಶವೃಕ್ಷ’ದ ಸಮಕ್ಕೆ ಇಡುವಂತಿಲ್ಲ, ಅದರ ಕರುಣೆ ಬಹಳ ಸುಲಭವಾಗಿ ಒದಗುವಂಥದು. ಆದರೂ ಅದರಿಂದ ಒಂದು ವಿಷಯ ಸ್ಪಷ್ಟವಾಗುವುದು. ಸಿಡುಕುವ ವಿಧುರನೊಡನೆ ಜಗಳವಾಡಬಹುದು. ಸಿಡುಕೆಂಬುದು ದುಃಖದ ಬಾಗಿಲು. ಒರಟಾದರೂ ಬಾಗಿಲೇ ಸರಿ. ಶ್ರೋತ್ರಿಯರ ಮನೆಯಲ್ಲಿ ಆ ಬಾಗಿಲಿಲ್ಲ.

ಶ್ರೋತ್ರಿಯರ ಸ್ಥಿತಿಯನ್ನು ತಿಳಿಯಬೇಕಾದರೆ ಧರ್ಮಶಾಸ್ತ್ರದ ಒಂದು ವಿಷಯವನ್ನು ನೆನೆಯಬೇಕು. ಪತ್ನಿಯಿಲ್ಲದವನಿಗೆ ಅಗ್ನಿಯ ಅಧಿಕಾರವಿಲ್ಲ; ಗೃಹಸ್ಥಾಶ್ರಮವು ಇಬ್ಬರಿಂದ ನಡೆಯತಕ್ಕುದು. ಮುಂಚೆ ಸತ್ತ ಹೆಂಡತಿಯನ್ನು ಅಗ್ನಿಹೋತ್ರದ ಅಗ್ನಿಯಿಂದಲೇ ದಹಿಸಿ, ಗಂಡನು ಮತ್ತೆ ಮದುವೆಯಾಗಿ ಮತ್ತೆ ಅಗ್ನಿಯನ್ನು ಸ್ಥಾಪಿಸಬಹುದೆಂದು ಮನುಸ್ಮೃತಿಯ ಐದನೆಯ ಅಧ್ಯಾಯ ವಿಧಿಸುವುದು. ಅದೇ ಅಧ್ಯಾಯದಲ್ಲಿ ವಿಧವೆಗೆ ಹೇಳಿರುವುದು ಆಮರಣ ನಿಯಮ. ಒಂದೇ ಸಾವು, ಗಂಡಿಗೆ ಅದರಿಂದ ಕರ್ಮದ ಲೋಪ, ಹೆಣ್ಣಿಗೆ ಬಾಳಿನ ಲೋಪ. ಲೋಪವಾದ ಕರ್ಮವನ್ನು ಮತ್ತೆ ತುಂಬಿಕೊಳ್ಳುವುದಕ್ಕೆ ಶಾಸ್ತ್ರವೇ ದಾರಿ ಮಾಡಿಕೊಟ್ಟಿತು. ಮರುಮದುವೆ ಬೇಡವೆಂದರೆ ವಾನಪ್ರಸ್ಥ, ಸಂನ್ಯಾಸಗಳ ದಾರಿಯೂ ಇತ್ತು. ಶ್ರೋತ್ರಿಯರು ಈ ಎರಡನ್ನೂ ಒಡನೆ ಹಿಡಿಯಲಿಲ್ಲ. ಮರುಮದುವೆಯ ಮಾತು ಅವರ ವಯಸ್ಸಿಗೂ ಸ್ವಭಾವಕ್ಕೂ ದೂರವಾಗಿತ್ತು. ಮೊಮ್ಮಗನನ್ನು ಬಿಟ್ಟು ಹೊರಡುವಂತೆಯೂ ಇರಲಿಲ್ಲ. ಹೀಗೆ ಗೃಹಸ್ಥಧರ್ಮದ ಪ್ರತಿಪಾದಕನೊಬ್ಬ ಗೃಹಸ್ಥನಲ್ಲದೆ ಗೃಹದಲ್ಲಿ ಉಳಿದನು. ಭೈರಪ್ಪನವರು ಈ ಇಕ್ಕಟ್ಟನ್ನು ಕಂಡರೆಂಬುದೇ ಅವರ ಶಕ್ತಿಗೆ ಸಾಕ್ಷಿ. ಸೊಸೆ ಹೊರಟುಹೋದ, ಹೆಂಡತಿ ಇಲ್ಲವಾದ ಆ ದೊಡ್ಡ ಮನೆಯಲ್ಲಿ ಮುದುಕ, ಹುಡುಗ, ಆಶ್ರಯದಲ್ಲಿದ್ದ ಲಕ್ಷ್ಮಿ ಈ ಮೂವರು ಮಾತ್ರ ಉಳಿದ ಭಾಗಗಳನ್ನು ನಿಧಾನವಾಗಿ ಓದತಕ್ಕುದು. ಅಲ್ಲಿ ಘಟನೆ ಕಡಮೆ. ಕೂಟದ ಚರ್ಚೆಗೆ ಸಿಕ್ಕುವಂತಹ ವಾದವೂ ಕಡಮೆ. ಆದರೆ ಕೃತಿಯ ಮೌನ ತೂಕ ಪಡೆಯುವುದು ಅಲ್ಲಿಯೇ.

ವಾಸ್ತವವಾಗಿ ಶ್ರೋತ್ರಿಯರ ವೈಧುರ್ಯ ಭಾಗೀರಥಮ್ಮನ ಸಾವಿಗಿಂತ ಎಷ್ಟೋ ವರ್ಷ ಹಿಂದೆಯೇ ಮೊದಲಾಗಿತ್ತೆಂದು ಹೇಳಬೇಕು. ನಂಜುಂಡ ಹುಟ್ಟಿದ ಮೇಲೆ ಮತ್ತೊಂದು ಬಸಿರು ಅವಳ ಪ್ರಾಣಕ್ಕೆ ಅಪಾಯವೆಂದು ವೈದ್ಯರು ತಿಳಿಸಿದಾಗ ಶ್ರೋತ್ರಿಯರು ಹೆಂಡತಿಯಿಂದ ದೂರವಿರತೊಡಗಿದರು. ಗಂಡನ ಕಷ್ಟವನ್ನು ನೋಡಲಾರದೆ ಭಾಗೀರಥಮ್ಮನೇ ಲಕ್ಷ್ಮಿಯನ್ನು ಸೂಚಿಸುವಳು. ಅವರ ಮನಸ್ಸು ಕದಲಿತು. ಕೊನೆಯ ಗಳಿಗೆಯಲ್ಲಿ ನಿಂತಿತು. ಆತ್ಮನಿಗ್ರಹದ ಚಿತ್ರವಾಗಿ ಈ ಪ್ರಸಂಗ ಕನ್ನಡ ಕಾದಂಬರಿಯಲ್ಲಿ ಗಟ್ಟಿಯಾದುವುಗಳಲ್ಲೊಂದು. ಗ್ರಂಥಕರ್ತರು ಇಲ್ಲಿ ಉಪದೇಶಕ್ಕೆ ಇಳಿದಿಲ್ಲ. ಆಸೆಯನ್ನು ಆಸೆಯಾಗಿಯೇ ತೋರಿಸಿರುವರು. ಆದರೆ ಈ ಗೆಲುವಿನ ಫಲವೇನು? ಒಮ್ಮೆ ತನ್ನನ್ನು ತಾನು ಗೆದ್ದವನು ಗೆಲ್ಲಲಾರದವರನ್ನು ದ್ವೇಷಿಸಬೇಕೆಂದಿಲ್ಲ, ನಿಜ; ಶ್ರೋತ್ರಿಯರು ದ್ವೇಷಿಸಲೂ ಇಲ್ಲ. ತನ್ನ ಅಳತೆಗೋಲು ಮಾತ್ರ ಅವರ ಕೈಯಲ್ಲಿ ಗಟ್ಟಿಯಾಗಿ ಉಳಿಯಿತು. ಕಾತ್ಯಾಯನಿ ಮರುಮದುವೆಯ ಮಾತು ತೆಗೆದಾಗ ಅವರ ಎದುರಿಗಿದ್ದುದು ಅವಳ ಯೌವನವೆನ್ನುವುದಕ್ಕಿಂತ ತಾವು ದಾಟಿಬಂದ ಆ ರಾತ್ರಿಯೆನ್ನುವುದು ಮೇಲು. ನಡುವಯಸ್ಸಿನ ಗೃಹಸ್ಥನೊಬ್ಬನು ಹೆಂಡತಿ ಬದುಕಿರುವಾಗ ಸಾಧಿಸಿದುದನ್ನು ಚಿಕ್ಕ ವಯಸ್ಸಿನ ಹುಡುಗಿಯೊಬ್ಬಳು ಗಂಡನಿಲ್ಲದೆ ಸಾಧಿಸಬೇಕೆಂಬುದು ಎಷ್ಟು ದೂರದ ಮಾತೆಂದು ಅವರಿಗೆ ಹೊಳೆಯಲಿಲ್ಲ.

ಇದರ ಪೂರ್ಣಾರ್ಥ ತಿಳಿಯುವುದು ಕಾತ್ಯಾಯನಿ ಮಗುವನ್ನು ಕೇಳಲು ನಂಜನಗೂಡಿಗೆ ಹಿಂದಿರುಗಿ ಬರುವ ಭಾಗದಲ್ಲಿ. ಕೂಟದಲ್ಲಿ ಗಟ್ಟಿಯಾಗಿ ಓದಿಸತಕ್ಕ ಭಾಗ ಇದು. ಓದುವವರ ಧ್ವನಿ ಏರುವುದಕ್ಕೆ ಅಲ್ಲಿ ಎಡೆಯೇ ಇಲ್ಲ. ಮಾವನು ಬಯ್ಯುವುದಿಲ್ಲ, ಬಾಗಿಲು ಹಾಕಿಕೊಳ್ಳುವುದಿಲ್ಲ, ನ್ಯಾಯಾಲಯದ ಮಾತೆತ್ತುವುದಿಲ್ಲ. ವಂಶದ ಮಗುವೆಂಬ ತನ್ನ ನಂಬಿಕೆಯನ್ನು ಶಾಂತವಾಗಿ ತಿಳಿಸಿ, ತೀರ್ಮಾನವನ್ನು ಅವಳಿಗೇ ಬಿಡುವನು. ಅವಳು ಮಲಗಿರುವ ಮಗುವಿನ ಬಳಿಗೆ ಹೋಗುವಳು, ಬರಿಗೈಯಲ್ಲಿ ಹಿಂದಿರುಗುವಳು. ಈ ಔದಾರ್ಯವನ್ನು ಹೊಗಳದ ವಾಚಕರಿಲ್ಲ. ಆದರೆ ಶ್ರೋತ್ರಿಯರು ಆ ದಿನ ಒಂದೇ ಒಂದು ಬಾರಿ ಸಿಡುಕಿದ್ದರೆ, ಊರಿನ ಯಾವನಾದರೂ ಮುದಿ ಮಾವನಂತೆ ‘ನಡೆ ಹೊರಗೆ’ ಎಂದಿದ್ದರೆ, ಕಾತ್ಯಾಯನಿ ಮಗುವನ್ನು ಎತ್ತಿಕೊಂಡು ರೈಲು ಹತ್ತಿರುತ್ತಿದ್ದಳೆಂದು ಊಹಿಸುವುದು ಅನುಚಿತವಲ್ಲ. ಬೈಗುಳಕ್ಕೆ ಎದುರುತ್ತರವುಂಟು. ತೀರ್ಮಾನ ನಿನ್ನದೇ ಎಂದು ಕೈಕಟ್ಟಿ ಕುಳಿತ ಪೂಜ್ಯನಿಗೆ ಎದುರುತ್ತರವಿಲ್ಲ. ಗದರಿಸಿದವನ ಪಾಪದಲ್ಲಿ ಗದರಿಸಿಕೊಂಡವಳು ಪಾಲುಗಾರ್ತಿಯಲ್ಲ. ಇಲ್ಲಿ ಮಗುವನ್ನು ಬಿಟ್ಟವಳು ತಾನೇ ಎಂದಾಯಿತು. ಆ ಹೊರೆಯನ್ನು ಅವಳು ಮೈಸೂರಿಗೆ ಹೊತ್ತುಕೊಂಡು ಹೋದಳು, ಸಾಯುವತನಕ ಇಳಿಸಲಿಲ್ಲ. ಶ್ರೋತ್ರಿಯರಿಂದ ಯಾರಿಗೂ ಕೇಡಾಗಲಿಲ್ಲವೆಂಬ ಎರಡು ಪಕ್ಷದವರ ಮಾತು ಇಲ್ಲಿ ನಿಲ್ಲುವುದಿಲ್ಲ.

ಇಲ್ಲಿ ಒಂದು ಆಕ್ಷೇಪ ಹುಟ್ಟುವುದು ಸಹಜ. ಶಾಂತಸ್ವಭಾವವನ್ನೂ ದೋಷವೆಂದರೆ ಗುಣವೆಂಬುದು ಉಳಿಯುವುದೆಲ್ಲಿ? ಕೋಪಿಷ್ಠನಾದ ಮಾವನಿದ್ದಿದ್ದರೆ ಕಾತ್ಯಾಯನಿ ಕಾಲೇಜಿನ ಮೆಟ್ಟಿಲನ್ನೇ ಹತ್ತುತ್ತಿರಲಿಲ್ಲವಲ್ಲ? ಆಕ್ಷೇಪ ಯುಕ್ತವಾದುದೇ. ಶ್ರೋತ್ರಿಯರ ಶಾಂತಿ ಕಪಟವಲ್ಲ. ಕಪಟವಾಗಿದ್ದರೆ ಕಾದಂಬರಿ ಅಗ್ಗವಾಗುತ್ತಿತ್ತು. ವಿಚಾರ ಬೇರೆ. ಅವರು ತಮ್ಮ ದುಃಖವನ್ನು ಯಾರೆದುರಿಗೂ ಆಡಿದವರಲ್ಲ. ಮಗ ಹೋದಾಗ ಶಾಸ್ತ್ರವಿತ್ತು, ಹೆಂಡತಿ ಹೋದಾಗಲೂ ಶಾಸ್ತ್ರವಿತ್ತು. ತನ್ನ ದುಃಖಕ್ಕೆ ಮಾತು ಕೊಡದವನಿಗೆ ಇತರರ ದುಃಖ ಮಾತಾಗಿ ಬಂದಾಗ ಅದು ದೌರ್ಬಲ್ಯದಂತೆ ಕೇಳಿಸುವುದು. ಕಾತ್ಯಾಯನಿಯೂ ಶ್ರೋತ್ರಿಯರೂ ಒಂದೇ ಸಾವಿನಿಂದ ಬರಿದಾದವರು. ಅವಳ ಗಂಡ ಅವರ ಮಗ. ಅಷ್ಟು ವರ್ಷ ಒಂದೇ ಸೂರಿನಡಿ ಬಾಳಿದ ಈ ಇಬ್ಬರು ನಂಜುಂಡನ ವಿಷಯವಾಗಿ ಮನಸ್ಸು ಬಿಚ್ಚಿ ಅತ್ತದ್ದು ಕಥೆಯ ಮುಖ್ಯ ಸನ್ನಿವೇಶಗಳಲ್ಲಿ ಎಲ್ಲಿಯೂ ಇಲ್ಲ. ಧರ್ಮದ ಚರ್ಚೆಯುಂಟು.

ಇಷ್ಟು ಶ್ರೋತ್ರಿಯರ ಮಾತಾಯಿತು. ಗ್ರಂಥಕರ್ತರ ಕೈ ಎಲ್ಲಿ ಸಮವಾಗಿ ತೂಗಿತು, ಎಲ್ಲಿ ತೂಗಲಿಲ್ಲವೆಂಬುದು ಬೇರೆ ಪ್ರಶ್ನೆ. ರಾಜನನ್ನು ಮದುವೆಯಾದ ಮೇಲೆ ಕಾತ್ಯಾಯನಿಗೆ ಬಸಿರು ನಿಲ್ಲುವುದಿಲ್ಲ. ಮೇಲಿಂದ ಮೇಲೆ ಗರ್ಭಸ್ರಾವವಾಗಿ ದೇಹ ಸವೆಯುವುದು. ಓದಲೆಂದು ಮೈಸೂರಿಗೆ ಬಂದ ಹೆತ್ತ ಮಗನನ್ನು ಅವಳು ಕಾಣುವಳು, ಅವನು ಅವಳ ಹತ್ತಿರ ಸಾರನು. ಅವಳ ಪಾಪಭೀತಿಯೇ ದೇಹದಲ್ಲಿ ಹೀಗೆ ತಲೆದೋರಿತೆಂದು ಕಾದಂಬರಿ ಸೂಚಿಸುವುದು. ಮನೋವ್ಯಾಪಾರದ ದೃಷ್ಟಿಯಿಂದ ಇದನ್ನು ಅಸಂಭವವೆಂದು ತಳ್ಳಿಹಾಕಲಾಗದು. ಆದರೆ ಒಂದಾದ ಮೇಲೊಂದು ಬರುವ ಈ ಏಟುಗಳಲ್ಲಿ ಅವಳ ಮನಸ್ಸಿನ ಪ್ರೇರಣೆಗಿಂತ ಬರೆದವರ ಲೇಖನಿಯ ಪ್ರೇರಣೆ ಹೆಚ್ಚಾಗಿ ಕಾಣುವುದೆಂಬ ಶಂಕೆ ಸಹೃದಯರಿಗೆ ಬಾರದಿರದು. ಹೆಂಡತಿ ನಾಗಲಕ್ಷ್ಮಿ ಬದುಕಿರುವಾಗಲೇ ತನ್ನ ಗ್ರಂಥರಚನೆಗೆ ನೆರವಾದ ಸಿಂಹಳದ ಕರುಣಾಳನ್ನು ಮದುವೆಯಾದ ಸದಾಶಿವರಾಯನಿಗೂ ನೆಮ್ಮದಿಯಿಲ್ಲ, ನಿಜ. ಆದರೆ ಅವನ ಇತಿಹಾಸದ ಸಂಪುಟಗಳು ಒಂದೊಂದಾಗಿ ಹೊರಬೀಳುವುವು. ಗಂಡಸಿನ ಅತಿಕ್ರಮಕ್ಕೆ ಗ್ರಂಥಗಳು ಹುಟ್ಟಿದುವು, ಹೆಂಗಸಿನದಕ್ಕೆ ಏನೂ ಹುಟ್ಟಲಿಲ್ಲ. ಈ ಅಸಮತೆ ಕೃತಿಯ ನಿಜವಾದ ದೋಷ. ಶ್ರೋತ್ರಿಯರನ್ನು ಹೆಚ್ಚು ಹೊಗಳಿದೆಯೆಂದು ಸಾಮಾನ್ಯವಾಗಿ ಕಾಣಿಸುವ ದೋಷ ಅಷ್ಟು ದೊಡ್ಡದಲ್ಲ.

ದೊಡ್ಡದಲ್ಲವೇಕೆಂದರೆ, ಶ್ರೋತ್ರಿಯರಿಗೂ ಗ್ರಂಥಕರ್ತರು ಶಿಕ್ಷೆ ವಿಧಿಸಿರುವರು. ಮುಪ್ಪಿನಲ್ಲಿ ಅವರಿಗೆ ತಮ್ಮ ಜನ್ಮರಹಸ್ಯ ತಿಳಿಯುವುದು. ಯಾವ ವಂಶಕ್ಕಾಗಿ ಸೊಸೆಯಿಂದ ಮಗುವನ್ನು ಉಳಿಸಿಕೊಂಡರೋ ಆ ವಂಶದ ರಕ್ತ ಅವರಲ್ಲಿಯೇ ಇಲ್ಲ. ದಾಯಾದಿಗೆ ಆಸ್ತಿ ಹೋಗಬಾರದೆಂದು ಹಿರಿಯರು ಮಾಡಿದ ಏರ್ಪಾಟಿನಿಂದ ಪರಪುರುಷನಿಗೆ ಹುಟ್ಟಿದವರು ಅವರು. ಕೂಟಗಳಲ್ಲಿ ಈ ಭಾಗಕ್ಕೆ ಬಂದಾಗ ಕಾತ್ಯಾಯನಿಯ ಪಕ್ಷದವರು ಗೆದ್ದೆವೆಂದುಕೊಳ್ಳುವರು. ಗೆಲುವು ಅಷ್ಟು ಸುಲಭವಲ್ಲ. ಕಾತ್ಯಾಯನಿಯ ಶಿಕ್ಷೆ ಮೈಯ ಮೇಲೆ ಬಿದ್ದುದು. ಶ್ರೋತ್ರಿಯರದು ನಂಬಿಕೆಯ ಮೇಲೆ. ನಂಬಿಕೆ ಮುರಿದವನು ಆಸ್ತಿಯನ್ನು ಬಿಟ್ಟು ಸಂನ್ಯಾಸಕ್ಕೆ ಹೊರಡಬಲ್ಲನು; ಅದಕ್ಕೆ ದಾರಿಯೂ ಉಂಟು, ಗೌರವವೂ ಉಂಟು. ಮೈ ಮುರಿದವಳಿಗೆ ಹೊರಡುವುದಕ್ಕೆ ಯಾವ ದಾರಿಯೂ ಇರಲಿಲ್ಲ. ವಿಧುರನಿಗೆ ಕೊನೆಯವರೆಗೂ ಒಂದು ಆಶ್ರಮ ಉಳಿದಿರುವುದು.

ಕಪಿಲೆಯ ವಿಷಯವಾಗಿ ಇಲ್ಲಿ ಒಂದು ಮಾತು. ಕಾದಂಬರಿಯಲ್ಲಿ ಆ ನದಿ ಮಗನನ್ನು ನುಂಗಿದ ನದಿ. ಶ್ರೀಕಂಠೇಶ್ವರನ ಊರಿಗೆ ಅದೇ ಜೀವ. ನಂಜನಗೂಡನ್ನು ದಾಟಿ ಕೆಳಕ್ಕೆ ಹರಿದು ಅದು ಟಿ. ನರಸೀಪುರದ ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುವುದು. ಪಿತೃಕಾರ್ಯಕ್ಕೆಂದು ಜನ ಬರುವ ಸಂಗಮ ಅದು. ಅಲ್ಲಿಂದ ಮುಂದೆ ನೀರಿಗೆಲ್ಲ ಕಾವೇರಿಯೆಂದೇ ಹೆಸರು. ಹಾಗೆಂದು ಕಪಿಲೆಯ ನೀರು ಇಂಗಿಹೋಯಿತೆಂದು ಯಾರೂ ಹೇಳುವುದಿಲ್ಲ. ಪಿಂಡ ಹಾಕುವವನು ಗೋತ್ರವನ್ನು ಉಚ್ಚರಿಸುವಾಗ ಅದು ತಂದೆಯ ಕಡೆಯ ಗೋತ್ರ. ‘ವಂಶವೃಕ್ಷ’ ಎಂಬ ಹೆಸರು ಮರದ ಚಿತ್ರವನ್ನು ಮುಂದಿಡುವುದು: ಒಂದು ಕಾಂಡ, ಅದರಿಂದ ಕೊಂಬೆಗಳು. ನಂಜನಗೂಡಿನ ದಂಡೆಯ ಮೇಲೆ ಕುಳಿತು ನೋಡಿದರೆ ಅದು ಸರಿಯಾದ ಚಿತ್ರವೆಂದೇ ತೋರೀತು. ಸಂಗಮದ ಬಳಿ ಕುಳಿತು ಓದುವವರಿಗೆ ಎರಡು ನೀರಿನ ನೆನಪು ಬರುವುದು; ಭಾಗೀರಥಮ್ಮ, ಕಾತ್ಯಾಯನಿ, ಶ್ರೋತ್ರಿಯರ ತಾಯಿ ಈ ಮೂವರು ಯಾವ ಕೊಂಬೆಗೆ ಸೇರಿದವರೆಂದು ಕೇಳಬೇಕೆನಿಸುವುದು. ಶ್ರೋತ್ರಿಯರ ಜನ್ಮವೃತ್ತಾಂತದಲ್ಲಿ ಸಂದೇಹಕ್ಕೆ ಎಡೆಯಿಲ್ಲದಂತೆ ಉಳಿದುದು ತಾಯಿಯ ಕಡೆಯ ಸಂಬಂಧವೊಂದೇ. ಅದಕ್ಕೆ ವಂಶವೆಂಬ ಹೆಸರಿಲ್ಲ.

ಕೃತಿಯ ಕೊನೆಯಲ್ಲಿ ಶ್ರೋತ್ರಿಯರು ಸಾಯುತ್ತಿರುವ ಕಾತ್ಯಾಯನಿಯ ಮಂಚದ ಬಳಿಗೆ ಬರುವರು. ಕಾಲೇಜಿನಲ್ಲಿ ಅವಳಿಂದ ದೂರ ಸರಿದಿದ್ದ ಚೀನಿಯನ್ನು ತಾಯಿಗೆ ಮಗನಾಗಿ ನಿಲ್ಲಿಸುವವರು ಅವರೇ. ವಂಶವಿಲ್ಲವೆಂದು ತಿಳಿದ ಮೇಲೆ ಮಾತ್ರ ಅವರು ಇದನ್ನು ಮಾಡಬಲ್ಲವರಾದರೆಂಬುದರಲ್ಲಿ ಕಾದಂಬರಿಯ ಅತ್ಯಂತ ಸೂಕ್ಷ್ಮವಾದ ಕೆಲಸವಿದೆ. ಕಾಲೇಜುಗಳಲ್ಲಿ ಈ ಕೃತಿಯನ್ನು ಪಾಠ ಹೇಳುವವರು ಈ ದೃಶ್ಯವನ್ನು ಒಂಟಿಯಾಗಿ ಓದಿಸದೆ, ಮಲಗಿದ್ದ ಮಗುವಿನ ಬಳಿಯಿಂದ ತಾಯಿ ಹಿಂದಿರುಗಿದ ದೃಶ್ಯದ ಪಕ್ಕದಲ್ಲಿಟ್ಟು ಓದಿಸುವುದು ಒಳ್ಳೆಯದು. ಮೊದಲನೆಯದರಲ್ಲಿ ಭಾಗೀರಥಮ್ಮ ಇನ್ನೂ ಇದ್ದಳು, ಮನೆ ತುಂಬಿತ್ತು, ಧರ್ಮ ಸ್ಪಷ್ಟವಾಗಿತ್ತು. ಮಗುವನ್ನು ತಾಯಿಗೆ ಕೊಡುವ ಮಾತು ಮುದುಕನ ಬಾಯಿಗೆ ಬರಲಿಲ್ಲ. ಎರಡನೆಯದರಲ್ಲಿ ಅವನಿಗೆ ಹೆಂಡತಿಯಿಲ್ಲ, ಮನೆಯಿಲ್ಲ, ತನ್ನದೆನ್ನಿಸುವ ಹೆಸರೂ ಇಲ್ಲ. ಆಗ ಅವನು ಮಗನನ್ನು ತಾಯಿಗೆ ಹಿಂದಕ್ಕೆ ಕೊಟ್ಟನು. ತೆಗೆದುಕೊಳ್ಳುವುದಕ್ಕೆ ಅವಳಿಗೆ ಉಳಿದಿದ್ದುದು ಕೆಲವು ಗಳಿಗೆ.